ಕಿಟಕಿ ಪಕ್ಕದ ತೊಟ್ಟಿ

ಮೀನಿಗೆ ಕಿವಿ ಇದೆಯೇ ಎಂದು ಜನ ನನ್ನನ್ನು ಕೇಳುವುದುಂಟು. ಇದೆ, ಹೊರಗೆ ಕಾಣುವುದಿಲ್ಲ ಅಷ್ಟೆ ಎನ್ನುತ್ತೇನೆ. ಕೇಳಿದವರು "ಓಹೋ" ಎಂದು ಬೇರೆ ಮಾತಿಗೆ ಹೋಗುತ್ತಾರೆ. ಇನ್ನೂ ಹೇಳಬೇಕೆಂದಿದ್ದ ನನ್ನ ಬಾಯಿ ತೆರೆದೇ ಇರುತ್ತದೆ.

ನಾನು ಕೆಲಸ ಮಾಡುವುದು ಸಾಕು ಮೀನುಗಳ ರೋಗದ ಪ್ರಯೋಗಾಲಯದಲ್ಲಿ. ಕೊಳಗಳಲ್ಲಿ ಒತ್ತೊತ್ತಾಗಿ ಬೆಳೆಸುವ ಮೀನುಗಳಿಗೆ ಒಂದು ಬ್ಯಾಕ್ಟೀರಿಯ ತಗಲುತ್ತದೆ. ಮೊದಲು ಹುರುಪೆಯ ಕೆಳಗೆ ಕೆಂಪು ಚುಕ್ಕೆ, ಆಮೇಲೆ ಹುಣ್ಣು, ಆಮೇಲೆ ಹೊಟ್ಟೆ ಊದಿ ಮೀನು ಮಗುಚಿಕೊಳ್ಳುತ್ತದೆ. ನೋಡನೋಡುತ್ತ ಕೊಳದ ತುಂಬ ಬಿಳಿ ಹೊಟ್ಟೆಗಳು ತೇಲುತ್ತವೆ. ಸಾಕುವವರು ನೀರಿಗೆ ಔಷಧಿ ಸುರಿಯುತ್ತಾರೆ; ಬ್ಯಾಕ್ಟೀರಿಯ ಸ್ವಲ್ಪ ದಿನದಲ್ಲಿ ಔಷಧಿಗೂ ಒಗ್ಗಿಕೊಳ್ಳುತ್ತದೆ. ಅದಕ್ಕೇ ಲಸಿಕೆ ಬೇಕಾಗಿರುವುದು.

ಆ ಬ್ಯಾಕ್ಟೀರಿಯದ ಮೈಮೇಲಿನ ಪದರದಲ್ಲಿ ಹತ್ತಾರು ಪ್ರೋಟೀನುಗಳಿವೆ. ಅವುಗಳಲ್ಲಿ ಒಂದನ್ನು ಆರಿಸಿ, ಸಾಧುವಾದ ಇನ್ನೊಂದು ಬ್ಯಾಕ್ಟೀರಿಯದ ಕೈಲಿ ಅದನ್ನು ಬೇಕಾದಷ್ಟು ಮಾಡಿಸಿ, ಶುದ್ಧಗೊಳಿಸಿ, ಎಣ್ಣೆಯಲ್ಲಿ ಬೆರೆಸಿ ಮೀನಿನ ಹೊಟ್ಟೆಗೆ ಚುಚ್ಚುತ್ತೇವೆ. ಮೀನಿನ ಮೈ ಆ ಗುರುತನ್ನು ನೆನಪಿಟ್ಟುಕೊಂಡರೆ, ನಿಜವಾದ ರೋಗ ಬಂದಾಗ ಬಾಗಿಲಲ್ಲೇ ಹಿಡಿದು ನಿಲ್ಲಿಸುತ್ತದೆ. ಹೇಳುವುದಕ್ಕೆ ಇಷ್ಟೇ. ಯಾವ ಪ್ರೋಟೀನು ಎನ್ನುವುದರಲ್ಲೇ ಇರುವುದು ಕಷ್ಟವೆಲ್ಲ. ನಾವು ಅವಕ್ಕೆ ಸಂಖ್ಯೆ ಕೊಟ್ಟಿದ್ದೆವು. ಮೂರನ್ನು ಮಾಡಲು ಹೋದ ಸಾಧು ಬ್ಯಾಕ್ಟೀರಿಯ ತಾನೇ ಸತ್ತಿತು. ಏಳು ಕರಗಲೇ ಇಲ್ಲ, ಸುಣ್ಣದ ಹಾಗೆ ತಳ ಹಿಡಿಯಿತು. ಒಂಬತ್ತನ್ನು ಮೀನಿನ ಮೈ ಕ್ಯಾರೇ ಅನ್ನಲಿಲ್ಲ. ಹನ್ನೊಂದು ನನ್ನದು, ಹದಿಮೂರು ಇನ್ನೊಂದು ಗುಂಪಿನವರದು. ವಯಸ್ಸು ಮೂವತ್ತು ದಾಟಿದ ಮೇಲಿನ ನನ್ನ ಬದುಕೆಲ್ಲ ಹನ್ನೊಂದರ ಹಿಂದೆಯೇ ಹೋಗಿತ್ತು.

ನನ್ನನ್ನು ಪ್ರಯೋಗಾಲಯದಲ್ಲಿ 'ಎರಡ್ಸಲ' ಎಂದು ಕರೆಯುತ್ತಾರೆ. ಎದುರಿಗಲ್ಲ, ಬಾಗಿಲ ಆಚೆ. ನಾನು ಎಲ್ಲವನ್ನೂ ಎರಡು ಸಲ ನೋಡುತ್ತೇನೆ, ನನ್ನದನ್ನೂ ಇತರರದನ್ನೂ. ಯಾರದೋ ಕೊಳವೆಗಳ ಚೀಟಿ ಅದಲುಬದಲಾಗಿದ್ದನ್ನು ಒಮ್ಮೆ ತೋರಿಸಿಕೊಟ್ಟ ಮೇಲೆ ಈ ಹೆಸರು ಅಂಟಿಕೊಂಡಿತು. ಆಮೇಲೆ ನಾನು ಕ್ಯಾಂಟೀನಿನಲ್ಲಿ ಕೂತರೆ ಮೇಜು ಗಂಭೀರವಾಗುತ್ತಿತ್ತು. ಯಾರೂ ಕೆಟ್ಟವರಲ್ಲ. "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಿದ್ದರು, ಜಾಗ ಬಿಡುತ್ತಿದ್ದರು. ಆದರೆ ನಾನು ಕೂರುವ ಮೊದಲು ನಡೆಯುತ್ತಿದ್ದ ಮಾತು ಯಾವುದೋ, ಕೂತ ಮೇಲಿನದು ಯಾವುದೋ. ಎಲ್ಲರೂ ಹವೆಯ ಬಗ್ಗೆ ಮಾತಾಡತೊಡಗಿದರೆ ಯಾರಿಗಾದರೂ ಗೊತ್ತಾಗುತ್ತದೆ.

ಹೀಗಾಗಿ ಊಟದ ಡಬ್ಬಿ ಹಿಡಿದು ತೊಟ್ಟಿಗಳ ಕೋಣೆಗೆ ಹೋಗುವುದು ರೂಢಿಯಾಯಿತು. ಆರು ನೀಲಿ ತೊಟ್ಟಿಗಳು, ಸೊಂಟದೆತ್ತರದವು. ಐದು ಗೋಡೆಗುಂಟ ಪಂಪಿನ ಪಕ್ಕ ಸಾಲಾಗಿದ್ದವು. ಆರನೆಯದಕ್ಕೆ ಅಲ್ಲಿ ಜಾಗ ಸಾಲದೆ ಎದುರಿನ ಕಿಟಕಿಯ ಕೆಳಗೆ ಇಟ್ಟಿದ್ದರು. ಇಡೀ ಕೋಣೆಯಲ್ಲಿ ಒಂದು ಸ್ಟೂಲು ಹಿಡಿಯುವಷ್ಟು ಒಣ ನೆಲ ಇದ್ದದ್ದು ಅದರ ಪಕ್ಕ ಮಾತ್ರ. ಪಂಪಿನ ಗುಂಯ್ ಎನ್ನುವ ಸದ್ದು ಹಿತವಾಗಿತ್ತು. ಮೌನ ಮೌನವೆನಿಸದ ಹಾಗೆ ಅದು ನೋಡಿಕೊಳ್ಳುತ್ತಿತ್ತು.

ಮೊದಮೊದಲು ನನ್ನ ನೆರಳು ಬಿದ್ದರೆ ಸಾಕು, ಮೀನುಗಳು ಚದುರಿ ತಳ ಸೇರುತ್ತಿದ್ದವು. ಕೆಲವು ವಾರ ಕಳೆದ ಮೇಲೆ ಚದುರಲಿಲ್ಲ. ಇನ್ನೂ ಕೆಲವು ವಾರಕ್ಕೆ ನಾನು ಕೂತ ಬದಿಗೇ ಬಂದು, ರೆಕ್ಕೆ ಮೆಲ್ಲಗೆ ಬೀಸುತ್ತ ನಿಲ್ಲತೊಡಗಿದವು. ನಾನು ಅವಕ್ಕೆ ಏನನ್ನೂ ಹಾಕುತ್ತಿರಲಿಲ್ಲ. ಆರೂ ತೊಟ್ಟಿಗಳಿಗೆ ಆಹಾರ ತೂಗಿ ಒಂದೇ ಸಮ. ಬರೀ ಮಾತಾಡುತ್ತಿದ್ದೆ. ಮನೆಯ ಮಾಲೀಕರು ಸೋರುವ ನಲ್ಲಿ ರಿಪೇರಿ ಮಾಡಿಸುವುದಿಲ್ಲ ಎನ್ನುವುದು, ಬಸ್ಸಿನಲ್ಲಿ ಒಬ್ಬಳು ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದದ್ದು, ನಾನು ನನ್ನ ಸ್ಟಾಪಿನಲ್ಲಿ ಇಳಿಯದೆ ಮುಂದಕ್ಕೆ ಹೋದದ್ದು. ಇಂಥವು.

ಲಸಿಕೆ ಕೊಡುವ ದಿನ ಬಂತು. ನಮ್ಮಲ್ಲಿ ಚುಚ್ಚುವವರಿಗೆ ಯಾವ ತೊಟ್ಟಿಗೆ ಏನು ಹೋಯಿತೆಂದು ತಿಳಿಯಬಾರದು. ಮೂರು ತೊಟ್ಟಿಗೆ ಹನ್ನೊಂದು, ಮೂರಕ್ಕೆ ಅದಿಲ್ಲದ ಬರೀ ಎಣ್ಣೆ ಮತ್ತು ಉಪ್ಪುನೀರು. ಎರಡೂ ನೋಡಲು ಒಂದೇ. ಯಾವುದು ಯಾವುದೆಂಬ ಗುಟ್ಟು ಅಂಕಿಅಂಶ ನೋಡಿಕೊಳ್ಳುವ ಸಹೋದ್ಯೋಗಿಯ ಬಳಿ ಇರುತ್ತದೆ. ಅವನನ್ನು ನಾವು ಲೆಕ್ಕದವನು ಎನ್ನುತ್ತೇವೆ. ಅವನು ಸೀಸೆಗಳ ಮೇಲೆ ತೊಟ್ಟಿಯ ಸಂಖ್ಯೆಯಷ್ಟೇ ಬರೆದು ಕೊಟ್ಟ. ನಾನು ಚುಚ್ಚಿದೆ.

ಮೈಯಲ್ಲಿ ನೆನಪು ಕೂರಲು ಬೇಕಾದಷ್ಟು ದಿನ ಬಿಟ್ಟು, ಮೀನುಗಳನ್ನು ಬಲೆಯಲ್ಲಿ ಹಿಡಿದು ಒಳಗಿನ ಮುಚ್ಚಿದ ಕೋಣೆಗೆ ಸಾಗಿಸಿದೆವು. ಅಲ್ಲಿ ಅವನ್ನು ಬ್ಯಾಕ್ಟೀರಿಯ ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಅಲ್ಲೇ ಮೊದಲಿನ ಹಾಗೆ ಆರು ತೊಟ್ಟಿಗಳಲ್ಲಿ ಬೇರೆಬೇರೆ ಇಡಬೇಕು. ಗೋಡೆಗುಂಟ ಇದ್ದ ತೊಟ್ಟಿಗಳ ಮೀನುಗಳು ಬಲೆ ಕಂಡೊಡನೆ ಹುಚ್ಚೆದ್ದವು. ನೀರು ನನ್ನ ಮುಖಕ್ಕೆ ಎರಚಿತು, ಕೈಗವಸಿನ ತುಂಬ ಹುರುಪೆ ಅಂಟಿಕೊಂಡಿತು. ಕಿಟಕಿ ಪಕ್ಕದವು ಮಾತ್ರ ಬಲೆಯೊಳಗೆ ತಾವೇ ನಡೆದು ಬಂದ ಹಾಗೆ ಬಂದವು. ಇವು ಜಾಣ ಮೀನುಗಳು ಎಂದುಕೊಂಡೆ. ಅದಕ್ಕಿಂತ ಹೆಚ್ಚೇನೂ ಹೊಳೆಯಲಿಲ್ಲ.

ಆಮೇಲೆ ಎರಡು ತೊಟ್ಟಿಗಳ ಮೀನುಗಳು ಸಾಯತೊಡಗಿದವು. ನಾಲ್ಕು ತೊಟ್ಟಿಗಳವು ಬದುಕಿದವು, ಕಿಟಕಿ ಪಕ್ಕದ್ದೂ ಸೇರಿ.

ಗುಟ್ಟು ಬಿಚ್ಚುವ ಸಭೆಯಲ್ಲಿ ದೊಡ್ಡ ಮೇಡಂ ಕನ್ನಡಕದ ಮೇಲಿಂದ ನೋಡುತ್ತ ಕೂತಿದ್ದರು. ಪ್ರಯೋಗಾಲಯ ಅವರದೇ. ಹೊಗಳುವಾಗಲೂ ಬೈಯುವಾಗಲೂ ಅವರ ದನಿ ಒಂದೇ. ಕೊನೆಯ ಪದ ಬರುವವರೆಗೆ ಯಾವುದೆಂದು ತಿಳಿಯುವುದಿಲ್ಲ.

ಲೆಕ್ಕದವನು ಪರದೆಯ ಮೇಲೆ ಪಟ್ಟಿ ತೆರೆದ. ಹನ್ನೊಂದು ಹೋದ ಮೂರು ತೊಟ್ಟಿಗಳೂ ಬದುಕಿದ್ದವು. ಬರೀ ಉಪ್ಪುನೀರಿನವುಗಳಲ್ಲಿ ಎರಡು ಸತ್ತಿದ್ದವು. ಉಳಿದ ಒಂದು, ಏನೂ ಕೊಡದೆಯೂ ಬದುಕಿದ್ದು, ಕಿಟಕಿ ಪಕ್ಕದ್ದು.

"ಅಯ್ಯೋ" ಎಂದ ಲೆಕ್ಕದವನು, ನಿಜವಾಗಿಯೂ ನೊಂದು. "ಮೂರಲ್ಲಿ ಒಂದು ಹಿಂಗೆ ಕೈಕೊಟ್ರೆ ಯಾರೂ ಒಪ್ಪಲ್ಲ ರೀ. ಲಸಿಕೆಯಿಂದ ಬದುಕಿದ್ವೋ, ಅವುಗಳ ಅದೃಷ್ಟಕ್ಕೆ ಬದುಕಿದ್ವೋ ಅಂತಾರೆ."

"ಚುಚ್ಚೋವಾಗ ಸೀಸೆ ಅದಲುಬದಲಾಗಿರಬಹುದು" ಎಂದರು ದೊಡ್ಡ ಮೇಡಂ.

"ಇಲ್ಲ ಮೇಡಂ. ನಾನು ಪ್ರತಿ ಸೀಸೇನೂ..."

"ಎರಡು ಸಲ ನೋಡಿರ್ತೀಯ. ಗೊತ್ತು." ಯಾರೋ ಕೆಮ್ಮಿದರು. "ಆದ್ರೂ ಕೈ ಅಲ್ವಾ. ಕೈ ತಪ್ಪಿದೆ ಅಂತಾದ್ರೆ ಇಡೀ ಪ್ರಯೋಗಾನೇ ನಂಬೋಕಾಗಲ್ಲ. ಹನ್ನೊಂದನ್ನ ಪಕ್ಕಕ್ಕಿಡಬೇಕಾಗತ್ತೆ. ತೊಟ್ಟಿಗಳನ್ನ ಹದಿಮೂರರವರು ಆಗ್ಲೇ ಕೇಳ್ತಿದಾರೆ."

ಪಕ್ಕಕ್ಕಿಡುವುದು ಎಂದರೆ ನಮ್ಮಲ್ಲಿ ಫ್ರೀಜರಿನ ತಳದ ಅರೆ. ಅಲ್ಲಿಂದ ಯಾವುದೂ ಮೇಲೆ ಬಂದದ್ದಿಲ್ಲ.

ನನ್ನ ಕೈ ತಪ್ಪಿಲ್ಲವೆಂದು ತೋರಿಸಲು ದಾರಿ ಇತ್ತು. ಬ್ಯಾಕ್ಟೀರಿಯ ಬಿಡುವ ಮೊದಲೇ ಪ್ರತಿ ತೊಟ್ಟಿಯ ಕೆಲವು ಮೀನುಗಳ ರಕ್ತ ತೆಗೆದಿಟ್ಟಿದ್ದೆವು. ಅದನ್ನು ಸಣ್ಣ ಗುಳಿಗಳಿರುವ ತಟ್ಟೆಯಲ್ಲಿ ಹನ್ನೊಂದರ ಎದುರು ಇಟ್ಟು ಪರೀಕ್ಷೆ ಮಾಡಿದೆ. ಆ ಪ್ರೋಟೀನನ್ನು ಮೊದಲೇ ಬಲ್ಲ ರಕ್ತ ಹಳದಿಗೆ ತಿರುಗುತ್ತದೆ. ಮೂರು ತೊಟ್ಟಿಗಳ ಗುಳಿಗಳು ಹಳದಿಯಾದವು. ಕಿಟಕಿ ಪಕ್ಕದ ಸಾಲು ನೀರಿನ ಹಾಗೆ ತಿಳಿಯಾಗಿ ಉಳಿಯಿತು. ಅವಕ್ಕೆ ಹನ್ನೊಂದು ಹೋಗಿರಲೇ ಇಲ್ಲ. ನನ್ನ ಕೈ ತಪ್ಪಿರಲಿಲ್ಲ.

ತಟ್ಟೆ ಹಿಡಿದು ದೊಡ್ಡ ಮೇಡಂ ಬಳಿಗೆ ಓಡಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಸರಿ. ನಿನ್ನ ಕೈ ನಂಬ್ತೀನಿ. ಹಾಗಾದ್ರೆ ಇವು ಯಾಕೆ ಬದುಕಿದ್ವು?"

"ಗೊತ್ತಿಲ್ಲ ಮೇಡಂ."

"ಬೇಡದ ತೊಟ್ಟೀನ ಲೆಕ್ಕದಿಂದ ಬಿಟ್ಟುಬಿಡೋದು ಮೋಸ. ಬಿಡಬೇಕು ಅಂದ್ರೆ ಕಾರಣ ಬೇಕು. ಕಾರಣ ತಗೊಂಡು ಬಾ, ಇನ್ನೊಂದ್ಸಲ ಪ್ರಯೋಗ ಮಾಡೋಕೆ ತೊಟ್ಟಿ ಕೊಡ್ತೀನಿ. ಸೋಮವಾರದ ಸಭೆಗೆ. ಇಲ್ಲಾಂದ್ರೆ ಹದಿಮೂರು."

ಲೆಕ್ಕದವನು ಪಾಪ, ನನ್ನ ಜೊತೆ ಹುಡುಕಿದ. ನೀರಿನ ಉಪ್ಪು, ಬಿಸಿ, ಗಾಳಿಯ ಗುಳ್ಳೆ, ಎಲ್ಲ ಒಂದೇ. ಕಿಟಕಿಯ ಬೆಳಕೇನೋ ಎಂದು ಅಳೆದೆವು. ಗಾಜಿಗೆ ಬಣ್ಣ ಬಳಿದಿತ್ತು, ಒಳಗೆಲ್ಲ ಒಂದೇ ಮಂಕು ಬೆಳಕು. "ಇದಕ್ಕೆ ಏನೋ ಮಾಟ ಮಾಡ್ಸಿದಾರೆ ಬಿಡಿ" ಎಂದು ಅವನು ಮನೆಗೆ ಹೋದ.

ನಾನು ಬಲೆ ಹಾಕಿದ ದಿನದ ಫೋಟೋಗಳನ್ನು ತೆರೆದು ಕೂತೆ. ಸಾಗಿಸುವಾಗ ಪ್ರತಿ ತೊಟ್ಟಿಯ ಕೆಲವು ಮೀನುಗಳ ಮೈಯ ಚಿತ್ರ ತೆಗೆಯುವುದು ನಿಯಮ. ಗೋಡೆಗುಂಟ ಇದ್ದ ಮೀನುಗಳ ಪಕ್ಕೆಯಲ್ಲಿ ಹುರುಪೆ ಕಿತ್ತುಹೋದ ಗೀರುಗಳು. ಹನ್ನೊಂದು ಹೋದವಕ್ಕೂ ಇದ್ದವು, ಉಪ್ಪುನೀರಿನವಕ್ಕೂ ಇದ್ದವು. ಕಿಟಕಿ ಪಕ್ಕದವುಗಳ ಮೈ ಮಾತ್ರ ಹೊಸ ನಾಣ್ಯದಂತೆ ನುಣುಪಾಗಿತ್ತು. ಬ್ಯಾಕ್ಟೀರಿಯ ಒಳಹೊಗುವುದು ಗೀರಿನ ಮೂಲಕ. ಗೀರಾಗುವುದು ಹೆದರಿ ಒದ್ದಾಡುವುದರಿಂದ. ಹೆದರಿದ ಮೀನಿನ ಮೈಗೆ ಕಾದಾಡುವ ಶಕ್ತಿಯೂ ಕಡಿಮೆ. ಇದು ಪುಸ್ತಕದಲ್ಲೇ ಇದೆ. ಇವು ಹೆದರಿರಲಿಲ್ಲ. ಮನುಷ್ಯರ ನೆರಳಿಗೆ, ಕೈಗೆ, ದನಿಗೆ ಒಗ್ಗಿಹೋಗಿದ್ದವು.

ಆ ತೊಟ್ಟಿಗೆ ಇದ್ದು ಉಳಿದ ಐದಕ್ಕೆ ಇಲ್ಲದ್ದು ನಾನು.

ಕಂಪ್ಯೂಟರು ಆರಿಸಿದೆ. ಕಾರಣ ಸಿಕ್ಕಿತ್ತು. ಹನ್ನೊಂದನ್ನು ಉಳಿಸುವ ಕಾರಣ. ಆದರೆ ಅದನ್ನು ಹತ್ತು ಜನ ಕೂತ ಮೇಜಿನ ಮುಂದೆ ಹೇಳಬೇಕಿತ್ತು. ಹೇಗೆ ಹೇಳುವುದು? ಮೇಡಂ, ನಾನು ಮೀನುಗಳ ಜೊತೆ ಊಟ ಮಾಡುತ್ತಿದ್ದೆ. ಮನಸ್ಸಿನಲ್ಲೇ ಅಂದುಕೊಂಡರೂ ಕಿವಿ ಬಿಸಿಯಾಗುತ್ತಿತ್ತು.

ಭಾನುವಾರ ಅಕ್ಕ ಫೋನು ಮಾಡಿದಳು. ಅವಳಿರುವುದು ಬಹಳ ದೂರ. ವಾರಕ್ಕೊಮ್ಮೆ ಮಕ್ಕಳ ಗಲಾಟೆಯ ನಡುವೆ ನನಗೂ ಸ್ವಲ್ಪ ಹೊತ್ತು ಸಿಗುತ್ತದೆ.

"ಊಟ ಆಯ್ತಾ?"

"ಆಯ್ತು."

"ಆಫೀಸಲ್ಲಿ ಯಾರ ಜೊತೆ ಕೂತ್ಕೊಂಡ್ ತಿಂತೀಯೆ? ಒಬ್ಬಳೇ ಗುಬ್ಬಿ ಥರ ಕೊಕ್ಕಾಡಿಸ್ತೀಯೋ ಏನೋ."

"ಇಲ್ಲಕ್ಕ, ಜೊತೆಯವರು ಇರ್ತಾರೆ." ಸುಳ್ಳು ಎನ್ನುವಂತೆಯೂ ಇರಲಿಲ್ಲ. "ಅಕ್ಕ, ನಿಂಗೆ ಒಂದು ವಿಷಯ ಹೇಳ್ಬೇಕಿತ್ತು."

"ಹೇಳೇ... ಏಯ್, ಕೆಳಗಿಡೋ ಅದನ್ನ! ಒದೆ ಬೀಳತ್ತೆ ಈಗ! ನಿಂಗಲ್ಲ ಕಣೇ. ಹಾಂ, ಹೇಳು."

"ಏನಿಲ್ಲ. ನಾಳೆ ಒಂದು ಸಭೆ ಇದೆ. ಎಲ್ಲರ ಮುಂದೆ ಮಾತಾಡ್ಬೇಕು."

"ಅಷ್ಟೇನಾ? ನೀನು ಓದಿದವಳು, ಮಾತಾಡೋಕೇನು. ಜೋರಾಗಿ ಮಾತಾಡು, ಗೊಣಗ್ಬೇಡ. ಇರು, ಹಾಲು ಉಕ್ತಿದೆ, ಆಮೇಲೆ ಮಾಡ್ತೀನಿ."

ಆಮೇಲೆ ಮಾಡಲಿಲ್ಲ. ನಾನು ಕನ್ನಡಿಯ ಮುಂದೆ ನಿಂತು ಜೋರಾಗಿ ಹೇಳಿ ನೋಡಿದೆ. ಗೊಣಗಿದರೇ ವಾಸಿ ಅನ್ನಿಸಿತು.

ಸೋಮವಾರ ಎಲ್ಲರೂ ಬಂದಿದ್ದರು. ಹದಿಮೂರರ ಗುಂಪಿನವರು ಮುಂದಿನ ಸಾಲಿನಲ್ಲಿ. ನಾನು ಫೋಟೋಗಳನ್ನು ತೋರಿಸಿದೆ: ಗೀರು ಇರುವ ಮೈ, ಇಲ್ಲದ ಮೈ. ಎಲ್ಲರೂ ಮುಂದಕ್ಕೆ ಬಾಗಿದರು.

"ಇದು ಒಪ್ಪೋ ಮಾತು" ಎಂದರು ದೊಡ್ಡ ಮೇಡಂ. "ಹೆದರಿಲ್ಲ, ಗೀರಾಗಿಲ್ಲ. ಆದ್ರೆ ಇವು ಮಾತ್ರ ಯಾಕೆ ಹೆದರಿಲ್ಲ?"

"ಮನುಷ್ಯರ ಅಭ್ಯಾಸ ಆಗಿತ್ತು."

"ಯಾವ ಮನುಷ್ಯರು?"

"ನಾನು. ನಾನು ಅಲ್ಲಿ ಕೂರ್ತಿದ್ದೆ ಮೇಡಂ. ಊಟದ ಹೊತ್ತಲ್ಲಿ."

"ಯಾವತ್ತೋ ಒಂದೆರಡು ದಿನಾನಾ?"

"ದಿನಾ."

"ಒಳಗೆ ಏನೂ ತಿನ್ನಬಾರದು ಅಂತ ಆ ಬಾಗಿಲಿಗೆ ಬೋರ್ಡು ಹಾಕ್ಸಿದ್ದು ನೀನೇ ಅಲ್ವಾ?"

"ಹೌದು ಮೇಡಂ."

ಹಿಂದಿನಿಂದ ಮೊದಲ ನಗು ಬಂತು. ಲೆಕ್ಕದವನು ಗಂಭೀರವಾಗಿ ಕೇಳಿದ, "ತಿನ್ನೋಕೆ ಏನಾದ್ರೂ ಹಾಕ್ತಿದ್ರಾ ಅವಕ್ಕೆ? ಹಾಕಿದ್ರೆ ಲೆಕ್ಕ ಬೇರೆ ಆಗತ್ತೆ."

"ಒಂದು ಅಗಳೂ ಇಲ್ಲ."

"ಮತ್ತೆ ಏನ್ ಮಾಡ್ತಿದ್ರಿ ಅಷ್ಟು ಹೊತ್ತು?"

"ಮಾತಾಡ್ತಿದ್ದೆ."

ಮೇಜಿನ ಮೇಲೆ ಯಾರದೋ ಪೆನ್ನು ಉರುಳಿತು. ಆಮೇಲೆ ಲೆಕ್ಕದವನೇ, ಇಕ್ಕಟ್ಟಿನಿಂದ ನನ್ನನ್ನು ಪಾರುಮಾಡಬೇಕೆಂದೇ ಇರಬೇಕು, "ನಮ್ಮ ಹತ್ರ ಮಾತಾಡಿದ್ರೆ ನಾವೂ ನಾಲ್ಕು ದಿನ ಜಾಸ್ತಿ ಬದುಕ್ತಿದ್ವಲ್ಲ ರೀ" ಎಂದ. ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ನಗದಿದ್ದರೆ ಅದು ಇನ್ನೂ ದೊಡ್ಡದಾಗುತ್ತಿತ್ತು.

ದೊಡ್ಡ ಮೇಡಂ ನಗಲಿಲ್ಲ. ಅದೇ ಒಂದೇ ದನಿಯಲ್ಲಿ, "ಫಾರ್ಮಿನಲ್ಲಿ ಕೊಳಕ್ಕೊಂದು ಸ್ಟೂಲು ಹಾಕಿ ಇವಳನ್ನ ಕೂರ್ಸೋಕಾಗಲ್ಲ. ಹತ್ತಿರ ಯಾರೂ ಇಲ್ದೆ ಇರೋ ಮೀನಿಗೇ ನಾವು ಲಸಿಕೆ ಮಾಡ್ತಿರೋದು. ಇನ್ನೊಂದ್ಸಲ ಮಾಡು. ಆಹಾರಕ್ಕೆ ಯಂತ್ರ ಹಾಕ್ಸು. ಯಾರೂ ಒಳಗೆ ಹೋಗಿ ನಿಲ್ಲಕೂಡದು. ನೀನಂತೂ ಹೋಗ್ಲೇಬಾರದು" ಎಂದರು. ಹದಿಮೂರರವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

ಹನ್ನೊಂದು ಉಳಿಯಿತು, ಸದ್ಯಕ್ಕೆ.

ಹೊಸ ಮೀನು ತರುವ ಮೊದಲು ಹಳೆಯವನ್ನು ತೆಗೆಯಬೇಕಿತ್ತು. ರೋಗದ ನೀರಿನಿಂದ ಬದುಕಿ ಬಂದವು ರೋಗವನ್ನು ಮೈಯಲ್ಲೇ ಇಟ್ಟುಕೊಂಡಿರಬಹುದು. ಅವನ್ನು ಎಲ್ಲಿಯೂ ಬಿಡುವಂತಿಲ್ಲ. ಲವಂಗದ ಎಣ್ಣೆಯನ್ನು ನೀರಿಗೆ ಹೆಚ್ಚಾಗಿ ಬೆರೆಸುತ್ತೇವೆ. ಮೀನು ಮೊದಲು ಮಂಪರಾಗುತ್ತದೆ, ಆಮೇಲೆ ಏಳುವುದಿಲ್ಲ. ಲೆಕ್ಕದವನು ಬಾಗಿಲಿಗೆ ಬಂದು, "ಆ ಒಂದು ತೊಟ್ಟಿ ನಾನು ಮಾಡ್ಲಾ?" ಎಂದು ಕೇಳಿದ. ಅವನು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ಬೇಡ ಎಂದೆ. ಅವನು ಹೋದರೆ ಅವು ಒದ್ದಾಡುತ್ತಿದ್ದವು.

ನಾನು ಹೋದಾಗ ಒದ್ದಾಡಲಿಲ್ಲ. ನಾನು ನಿಂತ ಬದಿಗೆ ಬಂದು, ಎಣ್ಣೆಯ ಪಾತ್ರೆ ಬಾಗಿಸಿದ ಕಡೆಯಲ್ಲೇ ನಿಂತವು. ಆ ದಿನ ನಾನು ಏನೂ ಮಾತಾಡಲಿಲ್ಲ. ಆಮೇಲೆ ಎರಡು ದಿನ ಕೈಯಲ್ಲಿ ಲವಂಗದ ವಾಸನೆ ಇತ್ತು. ಸಾಬೂನು ಹಾಕಿ ತಿಕ್ಕಿದ್ದೆ, ಹೋಗಿರಲಿಲ್ಲ.

ಎರಡನೆಯ ಸಲ ಎಲ್ಲವೂ ನಿಯಮದಂತೆ ನಡೆಯಿತು. ಗಡಿಯಾರಕ್ಕೆ ಕಟ್ಟಿದ ಯಂತ್ರ ಆಹಾರ ಉದುರಿಸಿತು. ಲಸಿಕೆ ಚುಚ್ಚಿದ್ದು ಬೇರೆಯವರು. ನಾನು ಕ್ಯಾಂಟೀನಿಗೆ ಹೋಗತೊಡಗಿದೆ, ಬೇರೆಲ್ಲಿಗೂ ಹೋಗುವಂತಿರಲಿಲ್ಲ. ಮೊದಲ ಕೆಲವು ದಿನ ನನಗೆ ಬೇಡಿಕೆ ಇತ್ತು. "ಬನ್ನಿ ಬನ್ನಿ, ಮೀನಿಗೆ ಹೇಳಿದ ಕತೇನ ನಮಗೂ ಹೇಳಿ." "ಯಾವ ಮೀನು ಚೆನ್ನಾಗಿ ಕೇಳಿಸ್ಕೋತಿತ್ತು?" "ಬಾಸ್ ಬಗ್ಗೆ ಏನಾದ್ರೂ ಅಂದಿದ್ರಾ? ಸಾಕ್ಷಿನೆಲ್ಲ ಮುಗಿಸಿಬಿಟ್ರಲ್ಲ." ಕೊನೆಯದಕ್ಕೆ ನಾನು ಚಮಚ ಕೆಳಗಿಟ್ಟೆ. ಹೇಳಿದವಳು ನಾಲಗೆ ಕಚ್ಚಿಕೊಂಡು ಸಾರಿ ಎಂದಳು. ಪರವಾಗಿಲ್ಲ ಎಂದೆ. ಬಸ್ಸಿನವಳ ಕತೆ ಒಮ್ಮೆ ಹೇಳಲು ಹೊರಟೆ. ಅವಳು ಹೆಗಲ ಮೇಲೆ ತಲೆ ಇಟ್ಟಳು ಎನ್ನುವಷ್ಟರಲ್ಲಿ ಯಾರೋ, "ಅಯ್ಯೋ, ನಂಗೂ ಹಿಂಗೇ ಆಗಿತ್ತು" ಎಂದು ತಮ್ಮದನ್ನು ಶುರುಮಾಡಿದರು. ಅದು ಚೆನ್ನಾಗಿಯೇ ಇತ್ತು. ನನ್ನ ಸ್ಟಾಪು ದಾಟಿಹೋದ ಭಾಗ ನನ್ನಲ್ಲೇ ಉಳಿಯಿತು. ಮೀನಿನ ವಿಷಯ ಹಳತಾದ ಮೇಲೆ ಮೇಜು ಮತ್ತೆ ಹವೆಗೆ ಬಂದು ನಿಂತಿತು.

ಈ ಸಲ ಬಲೆ ಹಾಕಿದಾಗ ಆರೂ ತೊಟ್ಟಿಗಳ ಮೀನುಗಳು ಒಂದೇ ಸಮ ಒದ್ದಾಡಿದವಂತೆ. ಎಲ್ಲವುಗಳ ಮೈ ಒಂದೇ ಸಮ ಗೀರಾಗಿತ್ತು. ಫೋಟೋ ನೋಡಿ ನನಗೆ ಸಮಾಧಾನವಾಯಿತು. ಆ ಸಮಾಧಾನ ಯಾಕೋ ಹಿಡಿಸಲಿಲ್ಲ.

ಗುಟ್ಟು ಬಿಚ್ಚುವ ದಿನ ನಾನು ಕೂರಲಾರದೆ ಗೋಡೆಗೆ ಒರಗಿ ನಿಂತಿದ್ದೆ. ಪಟ್ಟಿ ತೆರೆದುಕೊಂಡಿತು. ಉಪ್ಪುನೀರಿನ ಮೂರು ತೊಟ್ಟಿಗಳೂ ಬಹುಪಾಲು ಬರಿದಾಗಿದ್ದವು. ಹನ್ನೊಂದು ಹೋದ ಮೂರೂ ಉಳಿದಿದ್ದವು. ಗೀರಿದ್ದೂ, ಹೆದರಿದ್ದೂ, ಹತ್ತಿರ ಯಾರೂ ಸುಳಿಯದೆಯೂ ಉಳಿದಿದ್ದವು.

"ಈಗ ಯಾವನೂ ಕೊಂಕು ತೆಗೆಯೋ ಹಾಗಿಲ್ಲ" ಎಂದು ಲೆಕ್ಕದವನು ಮೇಜು ಗುದ್ದಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹದಿಮೂರರವರು ಕೂಡ. ದೊಡ್ಡ ಮೇಡಂ ಬಂದು ನನ್ನ ಭುಜ ಮುಟ್ಟಿ, "ಕೆಲಸ ಮಾಡತ್ತೆ ಕಣೇ ನಿನ್ನ ಹನ್ನೊಂದು" ಎಂದರು. ಆಗ ಅವರ ದನಿ ಒಂದಿಷ್ಟು ಬೇರೆಯಾಗಿತ್ತು.

ಪ್ರಬಂಧ ಬರೆಯುವಾಗ ಅವರು ಹಟ ಹಿಡಿದರು: ಮೊದಲ ಪ್ರಯೋಗವನ್ನೂ ಮುಚ್ಚಿಡದೆ ಹಾಕಬೇಕು, ಒಂದು ತೊಟ್ಟಿ ಬಿಟ್ಟದ್ದು ಯಾಕೆಂದು ಸ್ಪಷ್ಟವಾಗಿ ಹೇಳಬೇಕು. ಲೆಕ್ಕದವನು ಒಂದು ಮಾತು ಸೂಚಿಸಿದ: 'ನಿರ್ವಹಣೆಯಲ್ಲಿನ ವ್ಯತ್ಯಾಸದಿಂದಾಗಿ'. ಚೆನ್ನಾಗಿತ್ತು, ಯಾರ ಮುಖವೂ ಕಾಣದ ಮಾತು. ನಾನು ಅದನ್ನು ಬರೆದು ಅಳಿಸಿದೆ. 'ಮಾನವ ಸಾಮೀಪ್ಯಕ್ಕೆ ಒಡ್ಡಿಕೊಂಡಿದ್ದರಿಂದ' ಎಂದು ಬರೆದೆ, ಅದನ್ನೂ ಅಳಿಸಿದೆ. ಕೊನೆಗೆ ನಡೆದದ್ದನ್ನು ನಡೆದ ಹಾಗೇ ಬರೆದೆ: 'ಸಿಬ್ಬಂದಿಯಲ್ಲಿ ಒಬ್ಬರು ಪ್ರತಿದಿನ ಊಟದ ಹೊತ್ತಿನಲ್ಲಿ ಈ ತೊಟ್ಟಿಯ ಪಕ್ಕ ಕುಳಿತು ಮಾತಾಡುತ್ತಿದ್ದರು.'

ದೊಡ್ಡ ಮೇಡಂ ಕನ್ನಡಕ ಸರಿಮಾಡಿಕೊಂಡು ಆ ಸಾಲನ್ನು ಓದಿದರು. ಇನ್ನೊಮ್ಮೆ ಓದಿದರು.

"ಇಷ್ಟೇ ಬಿಟ್ರೆ, ಯಾಕೆ ಕೂರ್ತಿದ್ರು ಅಂತ ಓದಿದವರು ಕೇಳ್ತಾರಲ್ಲೇ."

"ಕೇಳಲಿ ಮೇಡಂ" ಎಂದೆ.